ರೈವಲ್ ಎಂಬ ಪದ ಮತ್ತು ಆಚೆ ದಂಡೆಯ ಟೀಚರ್

ಈಗಷ್ಟೇ ನೇಮಕದ ಆದೇಶ ಕೈಗೆ ಬಂದು, ಶಾಲೆ ಯಾವ ಊರಿನದು, ಅಲ್ಲಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸುತ್ತ ಓಡಾಡುತ್ತಿರುವ ಇಂಗ್ಲಿಷ್ ಟೀಚರುಗಳಿಗೆ ಇದನ್ನು ಬರೆಯುತ್ತಿದ್ದೇನೆ. ನಾನು ವಾಡಿಯ ಮನೆಯಲ್ಲಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕುಳಿತಿರುವ ನಿವೃತ್ತ ಟೀಚರು. ಹೆಸರು ಪದ್ಮಾ. ನನ್ನ ಬಡ್ತಿಯ ಕಥೆ ನಿಮಗೆ ಬೇಡ, ಅದು ನನಗೇ ಬೇಸರ. ಪಾಠ ಹೇಗೆ ಮಾಡಬೇಕೆಂಬುದನ್ನು ತರಬೇತಿಯಲ್ಲಿ ಹೇಳಿಕೊಡುತ್ತಾರೆ. ನಾನು ಹೇಳುವುದು ಒಂದೇ ಒಂದು ಇಂಗ್ಲಿಷ್ ಪದದ ಬಗ್ಗೆ. ಬದುಕಿಡೀ ಆ ಪದವನ್ನು ಹಲಗೆಯ ಮೇಲೆ ಬರೆದೆ. ಅದರ ಅರ್ಥ ತಿಳಿದ ದಿನ ತಲೆ ತಗ್ಗಿಸಿದವಳು ಇನ್ನೂ ಪೂರ್ತಿ ಎತ್ತಿಲ್ಲ.

ಪದ, ರೈವಲ್.

ಮೊದಲು ನನ್ನನ್ನು ಹಾಕಿದ್ದು ಚಿಂಚೋಳಿ ತಾಲ್ಲೂಕಿನ ಗಡಿ ಊರಿಗೆ. ಮಕ್ಕಳು ಅರ್ಧ ವಾಕ್ಯ ಕನ್ನಡದಲ್ಲಿ, ಉಳಿದರ್ಧ ತೆಲುಗಿನಲ್ಲಿ ಮಾತಾಡುವವರು. ನಾನು ಸೇಡಂನ ಪೂಜಾರಿ ಮನೆತನದ ಹುಡುಗಿ, ಇಂಗ್ಲಿಷ್ ಎಂ.ಎ. ಮುಗಿಸಿದ ಜಂಬ ಮೂಗಿನ ತುದಿಯಲ್ಲಿತ್ತು. ಪಾಠದಲ್ಲಿ ರೈವಲ್ ಎಂಬ ಪದ ಬಂತು. ಅನುವಾದ ಮಾಡಬೇಡಿ, ಕಣ್ಣಿಗೆ ಕಾಣುವಂತೆ ತೋರಿಸಿ ಎಂದು ಆಗ ಹೊಸ ಪದ್ಧತಿ ಹೇಳುತ್ತಿತ್ತು. ಸರಿ, ಕಬಡ್ಡಿ ಆಡುವ ಇಬ್ಬರು ಹುಡುಗರನ್ನು ಎದುರುಬದುರು ನಿಲ್ಲಿಸಿ, 'ನೋಡ್ರಿ, ಇವಗ ಇವ ರೈವಲ್. ರೈವಲ್ ಅಂದ್ರ ವೈರಿ' ಎಂದೆ. ಅವರಿಬ್ಬರೂ ಒಂದೇ ಬೆಂಚಿನಲ್ಲಿ ಕೂರುವ ಗೆಳೆಯರು ಎಂಬುದು ನನಗೆ ಗೊತ್ತಿರಲಿಲ್ಲ. ಊಟದ ಬಿಡುವಿನಲ್ಲಿ ಒಬ್ಬನ ಮೂಗಿನಿಂದ ರಕ್ತ, ಇನ್ನೊಬ್ಬನ ಅಂಗಿ ಎರಡು ತುಂಡು. ಅಲ್ಲಿಯ ಹೆಡ್ ಮಾಸ್ತರರು ನನ್ನನ್ನು ಕರೆದು, 'ಏನ್ ಟೀಚರ್, ಪಾಠ ಮಾಡಿದ್ರೋ, ಜಗಳಾ ಹಚ್ಚಿದ್ರೋ?' ಎಂದರು. ನಾನು ನಕ್ಕುಬಿಟ್ಟೆ. ಪದ ಅವರಿಗೆ ಚೆನ್ನಾಗಿ ತಿಳಿದಿದೆ ಎಂದು ಒಳಗೊಳಗೆ ಹೆಮ್ಮೆಯೂ ಆಯಿತು. ನಾಚಿಕೆ ಆಗಲೇ ಬರಬೇಕಿತ್ತು, ಬರಲಿಲ್ಲ.

ಅಲ್ಲಿಂದ ಎರಡು ಮೂರು ಕಡೆ ತಿರುಗಿ, ಕೊನೆಗೆ ರಾವೂರಿನಿಂದ ಒಳಗೆ, ಕಾಗಿಣಾ ನದಿಯನ್ನು ಸೇರುವ ಒಂದು ಹಳ್ಳದ ದಂಡೆಯ ಊರಿಗೆ ಬಂದೆ. ನನ್ನ ನೌಕರಿಯ ಬಹುಪಾಲು ಅಲ್ಲೇ ಕಳೆಯಿತು. ಹಳ್ಳದ ಈಚೆ ಒಂದು ಊರು, ಆಚೆ ಒಂದು ಊರು. ಎರಡಕ್ಕೂ ಒಂದೊಂದು ಹೈಸ್ಕೂಲು. ಜನ ಅವನ್ನು ಈಚಿ ಸಾಲಿ, ಆಚಿ ಸಾಲಿ ಎಂದೇ ಕರೆಯುತ್ತಿದ್ದರು. ನಾನು ಈಚಿ ಸಾಲಿಯ ಇಂಗ್ಲಿಷ್ ಟೀಚರು. ಆಚಿ ಸಾಲಿಗೆ ಚಂದ್ರಮ್ಮ ಟೀಚರು. ಶಹಾಬಾದ್ ಕಡೆಯವರು, ನದಿಯ ದಂಡೆಯಲ್ಲೇ ಬಾಳಿದ ಮನೆತನ. ಅವರಜ್ಜ ಕಾಗಿಣಾದಲ್ಲಿ ಹರಿಗೋಲು ಹಾಕುತ್ತಿದ್ದರಂತೆ. ನನಗಿಂತ ವಯಸ್ಸಿನಲ್ಲಿ ಚಿಕ್ಕವರು, ದನಿಯಲ್ಲಿ ದೊಡ್ಡವರು. ಅವರು ಪಾಠ ಮಾಡಿದರೆ ಹಳ್ಳ ದಾಟಿ ನಮ್ಮ ವರಾಂಡಕ್ಕೆ ಕೇಳುತ್ತಿತ್ತು.

ಬೇಸಿಗೆಯಲ್ಲಿ ಆ ಹಳ್ಳ ಬತ್ತಿ ಬರೀ ಉಸುಕು. ಉಸುಕಿನಲ್ಲಿ ಗುಂಡಿ ತೋಡಿದರೆ ಒಳಗಿನಿಂದ ತಿಳಿನೀರು ಜಿನುಗುತ್ತದೆ. ಅದಕ್ಕೆ ವರತಿ ಎನ್ನುತ್ತಾರೆ. ಮನೆಮನೆಗೆ ನಲ್ಲಿ ಬಂದ ಮೇಲೂ ಆ ಊರುಗಳಿಗೆ ಕುಡಿಯುವ ನೀರು ವರತಿಯದೇ. ನಲ್ಲಿ ಬಂತೇ ಹೊರತು ಅದರಲ್ಲಿ ನೀರು ದಿನಾ ಬರಲಿಲ್ಲ. ವರತಿಗೆ ಒಂದು ನಿಯಮ ಇತ್ತು. ಎರಡೂ ಊರವರು ಪಾಳಿ ಹಚ್ಚುತ್ತಾರೆ. ಯಾರು ಬಂದರೂ ಇಲ್ಲ ಅನ್ನುವಂತಿಲ್ಲ. ತನ್ನ ಕೊಡ ತುಂಬಿದ ಮೇಲೆ, ಗುಂಡಿಗೆ ಕುಸಿದ ಉಸುಕನ್ನು ಎರಡು ಕೈಯಿಂದ ಬಾಚಿ ಹೊರಗೆ ಹಾಕಿ, ಹಿಂದೆ ನಿಂತವರಿಗೆ ಹಾದಿ ಮಾಡಿಕೊಟ್ಟೇ ಹೋಗಬೇಕು. ಹಾಗೆ ಮಾಡದೆ ಹೋದವಳ ಮರ್ಯಾದೆಯನ್ನು ಎರಡೂ ದಂಡೆಯ ಹೆಂಗಸರು ಸೇರಿ ತೆಗೆಯುತ್ತಿದ್ದರು. ಎರಡೂ ಶಾಲೆಯ ಬಿಸಿಯೂಟದ ಅನ್ನ ಬೇಯುತ್ತಿದ್ದುದು ಅದೇ ನೀರಿನಲ್ಲಿ.

ನಾನು ಆ ನೀರು ಕುಡಿಯುತ್ತಿರಲಿಲ್ಲ. ವಾಡಿಯ ಮನೆಯಿಂದ ಸ್ಟೀಲಿನ ಬಾಟಲಿ ತರುತ್ತಿದ್ದೆ. ಯಾರಾದರೂ ಕೇಳಿದರೆ ಗಂಟಲು ಸೂಕ್ಷ್ಮ ಎನ್ನುತ್ತಿದ್ದೆ. ಗಂಟಲಿಗೆ ಏನೂ ಆಗಿರಲಿಲ್ಲ. ಯಾರು ಯಾರೋ ಕೈ ಹಾಕಿದ ನೀರು ಎಂದು ನಮ್ಮ ಅಮ್ಮ ಕಲಿಸಿದ ಮಡಿ ಅಷ್ಟೆ, ಎಂ.ಎ. ಓದಿದರೂ ಹೋಗಿರಲಿಲ್ಲ.

ಈಗ ಮೇಲಧಿಕಾರಿಗಳ ವಿಷಯ. ಹತ್ತನೆಯ ತರಗತಿಯ ಫಲಿತಾಂಶ ಬಂದ ಮೇಲೆ ತಾಲ್ಲೂಕಿನ ಎಲ್ಲ ಟೀಚರುಗಳ ಸಭೆ ನಡೆಯುತ್ತದೆ, ನಿಮಗೂ ತಪ್ಪದು. ಆಗಿನ ಸಾಹೇಬರೊಬ್ಬರಿಗೆ ಒಂದು ಚಟ ಇತ್ತು. ಶಾಲೆಯ ಹೆಸರು ಓದಿ, ಫಲಿತಾಂಶ ಕಡಿಮೆ ಬಂದವರನ್ನು ಎದ್ದು ನಿಲ್ಲಿಸುವುದು. ನಮ್ಮ ಎರಡು ಶಾಲೆಗಳನ್ನು ಅವರು ಜೋಡಿಯಾಗಿಯೇ ಓದುತ್ತಿದ್ದರು. 'ಹಳ್ಳದ ಆಚೆಯವರು ಮಾಡಿ ತೋರಿಸಿದ್ದಾರೆ, ಈಚೆಯವರಿಗೆ ಏನು ದಾಡಿ?' ಒಂದು ವರ್ಷ ನಾನು ನಿಲ್ಲುತ್ತಿದ್ದೆ, ಒಂದು ವರ್ಷ ಚಂದ್ರಮ್ಮ. ನಿಂತ ವರ್ಷ ನನಗೆ ಊಟ ಸೇರುತ್ತಿರಲಿಲ್ಲ. ಚಂದ್ರಮ್ಮ ಮಾತ್ರ ನಿಂತ ವರ್ಷವೂ ಸಭೆಯ ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡು, 'ಬರ್ರಿ ಅಕ್ಕೋರೆ, ಕುಂದ್ರಿ. ಬಿಸಿ ಅದ, ತಿನ್ರಿ' ಎಂದು ನನ್ನನ್ನೂ ಕರೆಯುತ್ತಿದ್ದರು. ನನ್ನನ್ನು ಅಣಕಿಸಲೆಂದೇ ಹಾಗೆ ಮಾಡುತ್ತಾರೆ ಎಂದುಕೊಂಡಿದ್ದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಪದ್ಧತಿಗಳೂ ಬದಲಾಗುತ್ತ ಬಂದವು. ಸೀಮೆಸುಣ್ಣ ಹೋಗಿ ಟಿ.ವಿ. ಪರದೆ ಬಂತು. ಪುಸ್ತಕ ಓದಿಸುವುದು ಹೋಗಿ 'ಪಾಸಿಂಗ್ ಪ್ಯಾಕೇಜ್' ಬಂತು, ಅಂದರೆ ಹಿಂದೆ ಬೀಳುವ ಮಕ್ಕಳಿಗೆ ಪಾಸಾಗುವಷ್ಟೇ ಪ್ರಶ್ನೆಗಳನ್ನು ಆಯ್ದು ಉರು ಹೊಡೆಸುವುದು. ಅದರಲ್ಲಿ ನಾನು ನಿಪುಣೆ. ನನ್ನ ಆಯ್ಕೆ ತಪ್ಪುತ್ತಿದ್ದುದು ಕಡಿಮೆ. ವರತಿಯ ಬಳಿ ನೀರು ಜಿನುಗುವವರೆಗೆ ಹುಡುಗಿಯರು ಕೊಡ ಇಟ್ಟು ಕಾಯಬೇಕಲ್ಲ, ಆಗ ನಮ್ಮ ಹುಡುಗಿಯರು ಉತ್ತರಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಆಚಿ ಸಾಲಿಯ ಹುಡುಗಿಯರು. ಇದು ಗೊತ್ತಾದ ದಿನ ತರಗತಿಯಲ್ಲಿ ಒಂದು ಅಪ್ಪಣೆ ಹೊರಡಿಸಿದೆ.

'ವರತಿ ಹತ್ರ ಯಾರೂ ಪುಸ್ತಕ ತೆಗೀಬಾರ್ದು. ಬಾಯಿ ಬಿಡಬಾರ್ದು. ಆಚಿ ಸಾಲಿಯವ್ರು ಕೇಳಿಸ್ಕೋತಾರ.'

ಭಾಗಮ್ಮ ಎಂಬ ಹುಡುಗಿ ಎದ್ದು ನಿಂತು, 'ಟೀಚರ್, ಅಲ್ಲಿ ಬಿಟ್ರ ನನಗ ಓದ್ಲಿಕ್ಕಿ ಟೈಮೇ ಇಲ್ರಿ' ಎಂದಳು. ಅವಳ ಅಕ್ಕ ಇಂಗ್ಲಿಷಿನಲ್ಲಿ ಫೇಲಾಗಿ ಫರಸಿ ಖಣಿಗೆ ಕಲ್ಲು ಹೊರಲು ಹೋಗುತ್ತಿದ್ದಳು. ಈಕೆ ಫೇಲಾದರೆ ಈಕೆಯೂ ಅಲ್ಲಿಗೇ ಎಂದು ಮನೆಯಲ್ಲಿ ಮಾತಾಗಿತ್ತು. ಇದೆಲ್ಲ ಗೊತ್ತಿದ್ದೂ ನಾನು, 'ಹೇಳಿದಷ್ಟು ಕೇಳು, ಕುಂದ್ರು' ಎಂದೆ.

ಅದೇ ವಾರ ವಿಷಯ ಪರಿವೀಕ್ಷಕರು ಬಂದರು. ರೈವಲ್ ಪದ ಬಳಸಿ ವಾಕ್ಯ ಮಾಡಿ ಎಂದು ಮಕ್ಕಳಿಗೆ ಹೇಳಿದರು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ಒಂದೇ ಉಸಿರಿಗೆ, 'ಚಂದ್ರಮ್ಮ ಟೀಚರ್ ಈಸ್ ದಿ ರೈವಲ್ ಆಫ್ ಅವರ್ ಪದ್ಮಾ ಟೀಚರ್' ಎಂದ. ವ್ಯಾಕರಣದಲ್ಲಿ ಒಂದು ತಪ್ಪೂ ಇಲ್ಲ. ಪರಿವೀಕ್ಷಕರು ಕನ್ನಡಕ ತೆಗೆದು ಒರೆಸುತ್ತ, 'ಅರ್ಥ ಏನಪ್ಪ?' ಎಂದರು. 'ವೈರಿ ಸರ್' ಎಂದು ಇಡೀ ತರಗತಿ ಕೂಗಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಆ ಹೊತ್ತಿನ ನನ್ನ ಸಿಟ್ಟು ನನ್ನ ಮೇಲೆ ಅಲ್ಲ, ಹುಡುಗನ ಮೇಲೆ.

ಮಾಡಿದ್ದುಣ್ಣೋ ಮಹರಾಯ ಎನ್ನುವುದು ಸುಳ್ಳಲ್ಲ. ಸಂಕ್ರಾಂತಿ ಕಳೆದು, ಪರೀಕ್ಷೆ ಹತ್ತಿರ ಬಂದ ಹೊತ್ತಿನಲ್ಲಿ ನನಗೆ ಚಿಕುನ್‌ಗುನ್ಯಾ ಜ್ವರ ಹತ್ತಿತು. ಜ್ವರ ಇಳಿದರೂ ಗಂಟುಗಳ ನೋವು ಬಿಡಲಿಲ್ಲ. ಲೋಟ ಹಿಡಿಯಲು ಬೆರಳು ಮಡಚುತ್ತಿರಲಿಲ್ಲ. ವಾಡಿಯ ಮನೆಯಲ್ಲಿ ಹಾಸಿಗೆ ಹಿಡಿದೆ, ರೈಲಿನ ಸದ್ದು ಕೇಳುವುದೊಂದೇ ಕೆಲಸ. ಬದಲಿ ಟೀಚರು ಕೊಡಿ ಎಂದು ನಮ್ಮ ಹೆಡ್ ಮಾಸ್ತರ್ ಖಾದರ್ ಸಾಹೇಬರು ಕಚೇರಿಗೆ ಅಲೆದರು. ಯಾರೂ ಸಿಗಲಿಲ್ಲ. ಪುನರಾವರ್ತನೆಯ ತಿಂಗಳಲ್ಲೇ ನನ್ನ ತರಗತಿ ಖಾಲಿ ಬಿದ್ದಿತ್ತು.

ಒಂದು ದಿನ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯ ಮಹಾದೇವಿ ಫೋನು ಮಾಡಿ ಆರೋಗ್ಯ ವಿಚಾರಿಸಿ, 'ಏನ್ ಚಿಂತಿ ಮಾಡಬ್ಯಾಡ್ರಿ ಅಕ್ಕೋರೆ, ಆಚಿ ಸಾಲಿ ಚಂದ್ರಮ್ಮ ಟೀಚರ್ ದಿನಾ ಸಂಜಿಮುಂದ ಹಳ್ಳ ದಾಟಿ ಬಂದು ನಮ್ಮ ಹುಡುಗ್ರಿಗಿ ಪಾಠ ಮಾಡ್ಲಿಕತ್ತಾರ' ಎಂದಳು. ಒಳ್ಳೆಯ ಸುದ್ದಿ ಎಂದುಕೊಂಡೇ ಹೇಳಿದಳು ಪಾಪ. ನನಗೆ ಮೈಯೆಲ್ಲ ಉರಿ ಎದ್ದಿತು. ನಾನು ಆಯ್ದ ಪ್ರಶ್ನೆಗಳೆಲ್ಲ ತರಗತಿಯ ಗೋಡೆಯ ಮೇಲೆ ಅಂಟಿಸಿದ್ದವು. ಅವನ್ನು ಕದಿಯಲು ಬಂದಿದ್ದಾಳೆ, ಇಲ್ಲವೇ ನಾನಿಲ್ಲದಾಗ ಹೆಸರು ತೆಗೆದುಕೊಳ್ಳಲು ಬಂದಿದ್ದಾಳೆ ಎಂದುಕೊಂಡೆ. ಮೂರನೆಯ ಕಾರಣ ಇರಬಹುದೆಂದು ಹೊಳೆಯಲೇ ಇಲ್ಲ. ಬಾಗದ ಬೆರಳಿನಿಂದಲೇ ಖಾದರ್ ಸಾಹೇಬರಿಗೆ ಫೋನು ಹಚ್ಚಿದೆ.

'ಯಾರನ್ನ ಕೇಳಿ ಅವರನ್ನ ನನ್ನ ಕ್ಲಾಸಿಗಿ ಬಿಟ್ಟೀರಿ ಸರ್?'

'ಟೀಚರ್, ತಕರಾರು ಬ್ಯಾಡ್ರಿ. ಅವರು ಖುದ್ದಾಗಿ ಬಂದಾರ. ಬಚ್ಚೆ ಲೋಗಾಂದು ನುಕ್ಸಾನ ಆಗಬಾರ್ದಲ್ಲ.'

'ಆದೇಶ ಅದ ಏನ್ರಿ ಅವರ ಹತ್ರ? ನಾಳೆ ಫಲಿತಾಂಶ ಬಿದ್ರ ಯಾರು ಎದ್ದು ನಿಲ್ಲೋದು? ಅವರೋ, ನಾನೋ?'

ಖಾದರ್ ಸಾಹೇಬರು ಮೆತ್ತನೆಯ ಮನುಷ್ಯ. ಆದೇಶ ಎಂಬ ಮಾತಿಗೆ ಹೆದರಿದರು. ಮರುದಿನ ಚಂದ್ರಮ್ಮ ಬಂದಾಗ ಗೇಟಿನಲ್ಲೇ ಕೈ ಮುಗಿದು ವಾಪಸು ಕಳಿಸಿದರಂತೆ. ಚಂದ್ರಮ್ಮ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರ ಹಳ್ಳಕ್ಕೆ ಇಳಿದು, ವರತಿಯ ಪಕ್ಕದ ಹಾಸುಗಲ್ಲಿನ ಮೇಲೆ ಕುಳಿತರಂತೆ. ನಮ್ಮ ಹುಡುಗಿಯರು ಕೊಡ ಹಿಡಿದು ಬಂದರು. ಹುಡುಗರು ನೀರಿನ ನೆಪಕ್ಕೆ ಖಾಲಿ ಡಬ್ಬಿ ಹಿಡಿದು ಬಂದರು. ಆಚೆಯವರೂ ಬಂದರು. ನಾನು ಪುಸ್ತಕ ತೆಗೆಯಬಾರದೆಂದು ಕಟ್ಟಪ್ಪಣೆ ಮಾಡಿದ್ದ ಜಾಗದಲ್ಲೇ ಎರಡೂ ಶಾಲೆಗಳ ಇಂಗ್ಲಿಷ್ ತರಗತಿ ನಡೆಯಿತು. ಬಾಯಿ ಬಿಡಲು ಹೆದರಿ ನಿಂತ ಭಾಗಮ್ಮನಿಗೆ, 'ನಿಮ್ಮ ಟೀಚರ್ ಪುಸ್ತಕ ತೆಗೀಬ್ಯಾಡ ಅಂದಾರ ಹೌದಿಲ್ಲೋ? ತೆಗೀಬ್ಯಾಡ. ನಾ ಹೇಳ್ತೀನಿ, ನೀ ಕೇಳು' ಎಂದರಂತೆ. ಹೊತ್ತು ಮುಳುಗುವವರೆಗೆ ಪಾಠ. ಪರೀಕ್ಷೆ ಬರುವವರೆಗೆ ಹಾಗೇ ನಡೆಯಿತು. ಇಷ್ಟೆಲ್ಲ ಆಗುವಾಗ ನಾನು ಹಾಸಿಗೆಯಲ್ಲಿ ಮಲಗಿ, ಅವಳನ್ನು ಓಡಿಸಿದೆ ಎಂದು ನೆಮ್ಮದಿಯಾಗಿದ್ದೆ.

ಫಲಿತಾಂಶ ಬಂತು. ಈಚಿ ಸಾಲಿಯಲ್ಲಿ ಇಂಗ್ಲಿಷಿನಲ್ಲಿ ಒಬ್ಬರೂ ಫೇಲಾಗಿರಲಿಲ್ಲ. ನನ್ನ ನೌಕರಿಯಲ್ಲೇ ಹಾಗೆ ಆಗಿರಲಿಲ್ಲ. ಭಾಗಮ್ಮ ಪಾಸಾಗಿದ್ದಳು. ಕೋಲೂರಿಕೊಂಡು ಶಾಲೆಗೆ ಹೋದ ದಿನ ಅವಳೇ ಪೇಢೆ ತಂದು, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ನಾನು ಸಿಟ್ಟಾಗಬಹುದೆಂದು ನಡುವೆ ನಡುವೆ ನನ್ನ ಮುಖ ನೋಡುತ್ತಿದ್ದಳು.

ತಾಲ್ಲೂಕಿನ ಸಭೆಯಲ್ಲಿ, ಎದ್ದು ನಿಲ್ಲಿಸುವ ಚಟದ ಅದೇ ಸಾಹೇಬರು. ಆಚಿ ಸಾಲಿಯ ಫಲಿತಾಂಶ ಆ ವರ್ಷ ಸ್ವಲ್ಪ ಇಳಿದಿತ್ತು. ಒಬ್ಬ ಟೀಚರು ಎರಡು ಶಾಲೆ ಹೊತ್ತರೆ ಇನ್ನೇನಾಗುತ್ತದೆ? ಮೊದಲು ಚಂದ್ರಮ್ಮನನ್ನು ಎಬ್ಬಿಸಿ ನಿಲ್ಲಿಸಿದರು. ಆಮೇಲೆ ನನ್ನನ್ನು ವೇದಿಕೆಗೆ ಕರೆದು, 'ಹಾಸಿಗೆ ಹಿಡಿದರೂ ಮಕ್ಕಳ ಕೈ ಬಿಡದ ಟೀಚರ್ ಇವರು' ಎಂದು ಶಾಲು ಹೊದಿಸಿದರು. ಮೈಕು ನನ್ನ ಕೈಗೆ ಬಂತು. ಆ ಹೊತ್ತಿನಲ್ಲಿ ಸುಮ್ಮನಿರಲು ಆಗಲಿಲ್ಲ. 'ಇದು ನನ್ನ ಕೆಲಸ ಅಲ್ಲ ಸರ್. ಪಾಠ ಮಾಡಿದವರು ಚಂದ್ರಮ್ಮ ಟೀಚರ್. ಅಗೋ ಅಲ್ಲಿ ನಿಂತಾರ' ಎಂದೆ. ಸಾಹೇಬರು ನಕ್ಕು ಮೈಕು ಇಸಿದುಕೊಂಡು, 'ನೋಡಿ, ಎಂಥ ವಿನಯ! ಸೋತವರನ್ನೂ ಹೊಗಳುವ ದೊಡ್ಡ ಗುಣ! ಜೋರಾಗಿ ಚಪ್ಪಾಳೆ' ಎಂದರು. ಸಭೆ ಚಪ್ಪಾಳೆ ತಟ್ಟಿತು. ಇನ್ನೊಮ್ಮೆ ಹೇಳಲು ಬಾಯಿ ತೆರೆದೆ, ಮುಂದಿನ ಶಾಲೆಯ ಹೆಸರು ಕೂಗಿದ್ದರು. ನಿಂತಲ್ಲೇ ಚಂದ್ರಮ್ಮನೂ ನಗುತ್ತ ಚಪ್ಪಾಳೆ ತಟ್ಟುತ್ತಿದ್ದರು. ಸಭೆ ಮುಗಿಯುವವರೆಗೆ ಅವರಿಗೆ ಕುಂದ್ರಿ ಎಂದು ಯಾರೂ ಹೇಳಲಿಲ್ಲ. ನಿಜ ಹೇಳಿದರೂ ಅದು ನನ್ನ ಹೆಸರಿಗೇ ಜಮೆಯಾಯಿತು. ಬೈದಿದ್ದರೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಹೊರಗೆ ಬಂದು ಅವರ ಕೈ ಹಿಡಿದೆ. ಅವರೇ, 'ಮೊಣಕಾಲು ಹ್ಯಾಂಗ ಅದಾವ್ರಿ ಅಕ್ಕೋರೆ?' ಎಂದರು.

'ಗೇಟಿನ್ಯಾಗಿಂದ ಹೊರಗ ಹಾಕ್ಸಿದೆ ನಿಮಗ. ಮತ್ತ ಯಾಕ ಕಲಿಸಿದ್ರಿ?' ಎಂದು ಕೇಳಿದೆ.

'ಏನ್ ದೊಡ್ಡ ಮಾತ್ರಿ ಅದು. ವರತಿಗಿ ಬಂದವ್ರಿಗಿ ಇಲ್ಲ ಅಂತಾರೇನ್ರಿ?' ಎಂದರು. ಅವರ ಮಟ್ಟಿಗೆ ಅದು ಅಷ್ಟೇ.

ಮರುವರ್ಷ ಚಿತ್ತಾಪುರದಲ್ಲಿ ಇಂಗ್ಲಿಷ್ ಟೀಚರುಗಳಿಗೆ ತರಬೇತಿ ನಡೆಯಿತು. ಪದಗಳ ಮೂಲದ ಮೇಲೆ ಪಾಠ ಮಾಡಲು ಕಾಲೇಜಿನಿಂದ ಎಳೆ ವಯಸ್ಸಿನ ಅಧ್ಯಾಪಕರೊಬ್ಬರು ಬಂದಿದ್ದರು. ಚಂದ್ರಮ್ಮ ನನ್ನ ಪಕ್ಕದಲ್ಲೇ ಕುಳಿತಿದ್ದರು. ಅಧ್ಯಾಪಕರು ಪರದೆಯ ಮೇಲೆ ರೈವಲ್ ಎಂದು ಮೂಡಿಸಿದರು.

'ಇದು ಲ್ಯಾಟಿನ್ ಭಾಷೆಯಿಂದ ಬಂದದ್ದು' ಎಂದರು ಅವರು. 'ರೀವುಸ್ ಅಂದರೆ ತೊರೆ, ನಮ್ಮ ಹಳ್ಳ ಇದ್ದ ಹಾಗೆ. ಒಂದೇ ಹಳ್ಳದ ನೀರನ್ನು ಬಳಸುವವರು ರಿವಾಲಿಸ್. ಅಂದರೆ ನೀರಿನ ಪಾಲುದಾರರು, ನೆರೆಯವರು. ನೀರಿದ್ದಲ್ಲಿ ತಂಟೆಯೂ ಇರುತ್ತದಲ್ಲ, ಹಾಗಾಗಿ ಬರಬರುತ್ತ ಪಾಲುದಾರ ಹೋಗಿ ಪ್ರತಿಸ್ಪರ್ಧಿ ಉಳಿದ.'

ಯಾರೋ ಒಬ್ಬರು, 'ರಿವರ್ ಕೂಡ ಅದರಿಂದಲೇ ಬಂತೇನು ಸರ್?' ಎಂದರು. 'ನೋಡಲು ಅಣ್ಣತಮ್ಮಂದಿರ ಹಾಗಿವೆ, ಆದರೆ ಅಲ್ಲ. ರಿವರ್ ಬಂದದ್ದು ದಂಡೆ ಎಂಬ ಪದದಿಂದ' ಎಂದರು ಅಧ್ಯಾಪಕರು.

ಚಂದ್ರಮ್ಮ ನನ್ನ ಪಕ್ಕೆಗೆ ಮೊಣಕೈಯಿಂದ ತಿವಿದು, ಇಡೀ ಸಭೆಗೆ ಕೇಳುವ ತಮ್ಮ ಪಿಸುಮಾತಿನಲ್ಲಿ, 'ನೋಡ್ರಿ ಅಕ್ಕೋರೆ, ಹಂಗಂದ್ರ ನಾವಿಬ್ರೂ ಮೊದ್ಲಿಂದ ಖರೇ ಖರೇ ರೈವಲ್ಲೇ ಇದ್ದೀವಿ ಬಿಡ್ರಿ!' ಎಂದು ನಕ್ಕರು. ಎಲ್ಲರೂ ತಿರುಗಿ ನೋಡಿ ನಕ್ಕರು. ನಾನು ನಗಲಿಲ್ಲ. ನನ್ನ ಕೈಯಲ್ಲಿ ಸ್ಟೀಲಿನ ಬಾಟಲಿ ಇತ್ತು. ಅಷ್ಟು ವರ್ಷ ಆ ದಂಡೆಯಲ್ಲಿ ಇದ್ದು ಆ ಹಳ್ಳದ ಒಂದು ಬೊಗಸೆ ನೀರು ನಾನು ಕುಡಿದಿರಲಿಲ್ಲ. ಯಾರ ಹಿಂದೆಯೂ ಪಾಳಿಗೆ ನಿಂತಿರಲಿಲ್ಲ, ಯಾರಿಗೂ ಉಸುಕು ತೆಗೆದುಕೊಟ್ಟಿರಲಿಲ್ಲ. ಬದುಕಿಡೀ ಅವರನ್ನು ನನ್ನ ರೈವಲ್ ಎಂದುಕೊಂಡೆ. ಪದದ ನಿಜ ಅರ್ಥ ಹಿಡಿದು ನೋಡಿದರೆ ಅವರ ರೈವಲ್ ಆಗುವ ಯೋಗ್ಯತೆಯೇ ನನಗಿರಲಿಲ್ಲ.

ಆಮೇಲೆ ಮೂಲ ಅರ್ಥ ಮಕ್ಕಳಿಗೆ ಹೇಳಿದೆನೇ? ಹೇಳಿದೆ, ಪ್ರತಿ ವರ್ಷ. ಆದರೆ ಬಾಟಲಿ ಬಿಡಲಾಗಲಿಲ್ಲ. ಇಷ್ಟು ವರ್ಷದ ಮೇಲೆ ಈಗ ಕುಡಿದರೆ ಜನ ಏನೆಂದಾರು ಎಂಬ ಇನ್ನೊಂದು ನಾಚಿಕೆ ಅಡ್ಡ ಬಂತು. ನಾಚಿಕೆಯಲ್ಲೂ ಒಳ್ಳೆಯದು ಕೆಟ್ಟದ್ದು ಇರುತ್ತದೆ, ನೀವು ಗೊಂದಲ ಮಾಡಿಕೊಳ್ಳಬೇಡಿ. ಹಾಗೆಯೇ ನಿವೃತ್ತಳಾದೆ.

ಈ ಬೇಸಿಗೆಯಲ್ಲಿ ಆ ಶಾಲು ಕಪಾಟಿನಲ್ಲಿ ಕಣ್ಣಿಗೆ ಬಿತ್ತು. ಒಮ್ಮೆಯೂ ಹೊದ್ದಿರಲಿಲ್ಲ. ಅದನ್ನು ಚೀಲದಲ್ಲಿ ಹಾಕಿಕೊಂಡು ಟಂಟಂ ಆಟೋ ಹತ್ತಿ ಹಳ್ಳದ ಊರಿಗೆ ಹೋದೆ. ಬಾಟಲಿ ತೆಗೆದುಕೊಳ್ಳಲಿಲ್ಲ. ಚಂದ್ರಮ್ಮನ ಸೇವೆ ಇನ್ನೂ ಇದೆ, ಅದೇ ಆಚಿ ಸಾಲಿ. ಹಳ್ಳದಲ್ಲೇ ಸಿಕ್ಕರು, ನೀರಿಗೆ ಬಂದಿದ್ದರು. ಶಾಲು ಕೊಟ್ಟು, 'ಇದು ನಿಮ್ಮದು' ಎಂದೆ.

'ಅಯ್ಯ, ಇಂಥಾ ಬಿಸಲಾಗ ಶಾಲು ಹೊಚ್ಚಿ ನನಗೇನು ಕೊಲ್ಬೇಕಂತೀರೇನ್ರಿ?' ಎಂದರು. ಆದರೂ ಇಸಿದುಕೊಂಡು, ಕೊಡವಿ, ತಿರುವಿ ತಿರುವಿ ಸುತ್ತಿ ಸಿಂಬಿ ಮಾಡಿ, ತಲೆಯ ಮೇಲಿಟ್ಟು ಅದರ ಮೇಲೆ ತುಂಬಿದ ಕೊಡ ಏರಿಸಿಕೊಂಡರು. 'ಚಲೋ ಮೆತ್ತಗ ಅದ ನೋಡ್ರಿ' ಎಂದು ದಂಡೆ ಹತ್ತಿದರು. ಸಾಹೇಬರು ಹೊದಿಸಿದ ಶಾಲಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತು.

ನಾನು ವರತಿಯ ಬಳಿ ಹೋದೆ. ಮೊಣಕಾಲು ಬಾಗುವುದಿಲ್ಲ. ಉಸುಕಿನ ಮೇಲೆ ಹಾಗೇ ಕುಸಿದು ಕುಳಿತು, ಬೊಗಸೆಯಲ್ಲಿ ನೀರು ಎತ್ತಿ ಕುಡಿದೆ. ತಣ್ಣಗಿತ್ತು, ಸ್ವಲ್ಪ ಉಸುಕಿನ ವಾಸನೆ. ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಬಾಯಿ ಒರೆಸಿಕೊಂಡು, ಕೈಯೂರಿ ಏಳಲು ಹೊರಟೆ. ಹಿಂದಿನಿಂದ ಒಂದು ದನಿ ತಡೆಯಿತು. ಕಂಕುಳಲ್ಲಿ ಪ್ಲಾಸ್ಟಿಕ್ ಕೊಡ ಹಿಡಿದ ಒಬ್ಬ ಚಿಕ್ಕ ಹುಡುಗಿ, ನಾನು ಯಾರೆಂದು ಗೊತ್ತಿಲ್ಲದವಳು, ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡುತ್ತಿದ್ದಳು.

'ಆಯಿ, ಕುಡದು ಹಂಗೇ ಹೊಂಟೀರಲ್ಲ. ಉಸಕ ತೆಗೀರಿ. ನಿಮ್ಮ ಹಿಂದ ನಾ ಇದ್ದೀನಿ.'

ಮತ್ತೆ ಕುಳಿತೆ. ಬಾಗದ ಬೆರಳುಗಳಿಂದಲೇ ಉಸುಕು ಬಾಚತೊಡಗಿದೆ.